ಗೋವಿನಜೋಳ–ಸೋಯಾ ಕುರುಕಲು ತಿನಿಸು: ಯಂತ್ರಕ್ಕಿಂತ ಮೊದಲು ಕಣ



ಕಳೆದ ಕೆಲವು ವರ್ಷಗಳಿಂದ ನಮ್ಮಲ್ಲಿಗೆ ಬರುವ ರೈತರ ಪ್ರಶ್ನೆಗಳು ಬದಲಾಗಿವೆ. ಯಾವ ಹೈಬ್ರಿಡ್ ತಳಿ ಬಿತ್ತಬೇಕು, ಮೇಲುಗೊಬ್ಬರ ಎಷ್ಟು ಕೊಡಬೇಕು, ಸೈನಿಕ ಹುಳುವಿಗೆ ಏನು ಸಿಂಪಡಿಸಬೇಕು ಎಂದು ಕೇಳುತ್ತಿದ್ದವರೇ ಈಗ ಬೇರೊಂದು ಮಾತನ್ನು ಎತ್ತುತ್ತಾರೆ. ಹಾವೇರಿ ಕಡೆಯ ರೈತರೊಬ್ಬರು ಅದನ್ನು ಹೀಗೆ ಕೇಳಿದರು: “ಸರ, ನಮ್ಮ ಜ್ವಾಳಾನ ಅಂಗಡ್ಯಾಗ ಪಾಕೀಟ ಆಗಿ ಹತ್ತು ರೂಪಾಯಿಗೆ ಬರ್ತೈತಿ. ಆ ಮಷೀನ ನಾವ ಯಾಕ ಹಾಕಬಾರದು?”

ಪ್ರಶ್ನೆ ನ್ಯಾಯವಾದದ್ದೇ. 2025-26ನೇ ಸಾಲಿಗೆ ಗೋವಿನಜೋಳಕ್ಕೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಆ ವರ್ಷದ ನವೆಂಬರಿನಲ್ಲಿ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು, ಹಾವೇರಿ, ಗದಗ ಜಿಲ್ಲೆಗಳ ರೈತರು ಬೀದಿಗಿಳಿಯಬೇಕಾಯಿತು. ಬೆಂಬಲ ಬೆಲೆಯ ಲೆಕ್ಕವನ್ನೇ ಹಿಡಿದರೂ ಕಿಲೋಗೆ 24 ರೂಪಾಯಿ. ಒಂದು ಪೊಟ್ಟಣದಲ್ಲಿ 25 ಗ್ರಾಂ ಗೋವಿನಜೋಳವಿದ್ದರೆ ಅದರ ಬೆಲೆ 60 ಪೈಸೆ. ಉಳಿದದ್ದು ಎಣ್ಣೆ, ಮಸಾಲೆ, ಕರೆಂಟು, ಪೊಟ್ಟಣದ ಹಾಳೆ, ಸಾಗಾಣಿಕೆ, ಜಾಹೀರಾತು ಮತ್ತು ಲಾಭ. ಬೆಳೆದವನ ಪಾಲಿಗೆ ರೂಪಾಯಿಯಲ್ಲಿ ಆರು ಪೈಸೆ ಬರುವಾಗ ಅವನು ಯಂತ್ರದ ಕಡೆಗೆ ನೋಡುವುದು ಸಹಜ.

ಆದರೂ ನನ್ನ ಅಭಿಪ್ರಾಯದಲ್ಲಿ ಈ ಉತ್ಸಾಹದಲ್ಲಿ ಕೆಲಸಗಳ ಸರದಿ ತಪ್ಪಿದೆ. ಯಂತ್ರಕ್ಕೆ ಸಾಲದ ಅರ್ಜಿ ಮೊದಲು ಹೋಗುತ್ತಿದೆ, ಕಾಳಿನ ಗುಣದ ಮಾತು ಕೊನೆಗೆ ಬರುತ್ತಿದೆ. ಇದಕ್ಕೆ ರೈತರಿಗಿಂತ ನಾವು ವಿಜ್ಞಾನಿಗಳೇ ಹೆಚ್ಚು ಹೊಣೆ.

ಮೊದಲು ಯಂತ್ರದ ವಿಚಾರ. ಎಕ್ಸ್‌ಟ್ರೂಡರ್ ಎಂಬ ಹೆಸರು ದೊಡ್ಡದು, ತತ್ತ್ವ ನಮಗೆ ಹೊಸದಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನು ನೋಡಿದವರಿಗೆ ಅರ್ಧ ವಿಷಯ ಗೊತ್ತಿದ್ದಂತೆಯೇ. ಕಾದ ಮರಳಿನಲ್ಲಿ ಅಕ್ಕಿಯೊಳಗಿನ ತೇವ ಒಮ್ಮೆಲೇ ಆವಿಯಾಗಿ ಹೊರನುಗ್ಗಿದಾಗ ಕಾಳು ಉಬ್ಬುತ್ತದೆ. ಪಂಚಮಿಗೆ ಜೋಳದ ಅರಳು ಹುರಿಯುವಾಗ ಆಗುವುದೂ ಇದೇ. ಎಕ್ಸ್‌ಟ್ರೂಡರಿನಲ್ಲಿ ಕಾಳಿನ ಬದಲು ರವೆಯನ್ನು ಹಾಕುತ್ತಾರೆ. ಉಕ್ಕಿನ ಕೊಳವೆಯೊಳಗೆ ತಿರುಗುವ ತಿರುಪೊಂದು ರವೆಯನ್ನು ಒತ್ತುತ್ತಾ, ಉಜ್ಜುತ್ತಾ ಮುಂದೆ ನೂಕುತ್ತದೆ. ಒತ್ತಡ ಮತ್ತು ಉಜ್ಜಾಟದಿಂದ ಶಾಖ 120ರಿಂದ 180 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುತ್ತದೆ. ರವೆಯಲ್ಲಿರುವ ಪಿಷ್ಟ ಬೆಂದು ಅಂಟಿನಂತಾಗುತ್ತದೆ. ಕೊನೆಯಲ್ಲಿ, ಚಕ್ಕುಲಿ ಒರಳಿನಲ್ಲಿರುವಂತಹ ಅಚ್ಚಿನ ತೂತಿನಿಂದ ಹೊರಬಿದ್ದ ಕೂಡಲೇ ಒತ್ತಡ ಬಿಟ್ಟುಹೋಗಿ, ತೇವವೆಲ್ಲ ಆವಿಯಾಗಿ ಹಾರಿ, ಎಳೆ ಉಬ್ಬಿ ಹಗುರಾಗುತ್ತದೆ. ಕೊಳವೆಯೊಳಗೆ ಹಿಟ್ಟು ಇರುವ ಕಾಲ ಒಂದೆರಡು ನಿಮಿಷಕ್ಕಿಂತ ಕಡಿಮೆ.

ಈ ತಿನಿಸಿನ ಹುಟ್ಟು ದನದ ಆಹಾರದ ಗಿರಣಿಯಲ್ಲಿ ಆಯಿತೆಂಬುದು ಸ್ವಾರಸ್ಯದ ಸಂಗತಿ. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಎಂಬ ಊರಿನಲ್ಲಿ ಫ್ಲೇಕಾಲ್ ಎಂಬ ಕಂಪನಿ ದನಗಳಿಗಾಗಿ ಕಾಳನ್ನು ಚಪ್ಪಟೆ ಮಾಡುವ ಯಂತ್ರ ನಡೆಸುತ್ತಿತ್ತು. ಯಂತ್ರ ಕಟ್ಟಿಕೊಳ್ಳದಿರಲೆಂದು ನಡುನಡುವೆ ಒದ್ದೆ ಜೋಳ ಹಾಕುತ್ತಿದ್ದರು. ಅದು ಬಿಸಿ ಯಂತ್ರದಿಂದ ಉಬ್ಬಿದ ಎಳೆಯಾಗಿ ಹೊರಬರುವುದನ್ನು ಎಡ್ವರ್ಡ್ ವಿಲ್ಸನ್ ಎಂಬ ಕೆಲಸಗಾರ ಕಂಡು, ಮನೆಗೆ ಒಯ್ದು ಎಣ್ಣೆ ಉಪ್ಪು ಸೇರಿಸಿ ತಿಂದನಂತೆ. ಇಂದು ಮಕ್ಕಳ ಕೈಯಲ್ಲಿರುವ ಪೊಟ್ಟಣಗಳ ಮೂಲ ಅಲ್ಲಿದೆ.

ಇನ್ನು ಸೋಯಾಅವರೆ ಏಕೆ ಬೇಕು? ಬರೀ ಗೋವಿನಜೋಳದ ರವೆಯ ತಿನಿಸು ಬಹುಮಟ್ಟಿಗೆ ಪಿಷ್ಟವೇ. ರವೆಯಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಸುಮಾರು ಶೇ. 8. ಅದರಲ್ಲೂ ಮೈ ಬೆಳೆಯಲು ಬೇಕಾದ ಲೈಸಿನ್ ಎಂಬ ಅಂಶ ಬಹಳ ಕಡಿಮೆ. ಸೋಯಾಅವರೆಯಲ್ಲಿ ಸಸಾರಜನಕ ಸುಮಾರು ಶೇ. 40, ಎಣ್ಣೆ ಶೇ. 20. ಎಣ್ಣೆ ತೆಗೆದ ಹಿಟ್ಟಿನಲ್ಲಿ ಸಸಾರಜನಕ ಶೇ. 50ರಷ್ಟಿದ್ದು, ಲೈಸಿನ್ ಧಾರಾಳವಾಗಿದೆ. ಸೋಯಾದಲ್ಲಿ ಕೊರತೆಯಿರುವ ಮೆಥಿಯೋನಿನ್ ಗೋವಿನಜೋಳದಿಂದ ಸಿಗುತ್ತದೆ. 80 ಭಾಗ ರವೆಗೆ 20 ಭಾಗ ಎಣ್ಣೆ ತೆಗೆದ ಸೋಯಾ ಹಿಟ್ಟು ಬೆರೆಸಿದರೆ ಮಿಶ್ರಣದ ಸಸಾರಜನಕ ಶೇ. 16ಕ್ಕೆ ಏರುತ್ತದೆ, ಅಂದರೆ ಎರಡರಷ್ಟು. ನಮ್ಮ ಹಿರಿಯರು ರೊಟ್ಟಿಗೆ ಬೇಳೆ ಜೊತೆಮಾಡಿದ ಲೆಕ್ಕವೇ ಇದು. ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿಪಡಿಸುವ ಅಂಶಗಳಿದ್ದು, ಎಕ್ಸ್‌ಟ್ರೂಡರಿನ ಶಾಖ ಅವುಗಳ ಬಹುಪಾಲನ್ನು ನಾಶಮಾಡುತ್ತದೆ. ಇದು ಈ ಯಂತ್ರದ ನಿಜವಾದ ಉಪಕಾರ.

ನನ್ನ ವಯಸ್ಸಿನವರು ಈ ಜೋಡಿಯನ್ನು ಬಾಲ್ಯದಲ್ಲೇ ತಿಂದಿದ್ದೇವೆ. ಅಂಗನವಾಡಿಯಲ್ಲಿ ಕೊಡುತ್ತಿದ್ದ, ಅಮೆರಿಕದಿಂದ ಚೀಲದಲ್ಲಿ ಬರುತ್ತಿದ್ದ ಹಳದಿ ಹಿಟ್ಟಿನ ಉಂಡೆ, ಉಪ್ಪಿಟ್ಟು ನೆನಪಿರಬಹುದು. ಗೋವಿನಜೋಳ, ಸೋಯಾ, ಹಾಲಿನ ಪುಡಿ ಸೇರಿಸಿದ ಆ ಹಿಟ್ಟನ್ನು ಅಮೆರಿಕ 1966ರಿಂದ ಹೊರದೇಶಗಳಿಗೆ ಕಳುಹಿಸತೊಡಗಿತು. ಇದನ್ನೇ ಬಡ ದೇಶಗಳು ತಮ್ಮ ಬೆಳೆಯಿಂದ ತಾವೇ ಮಾಡಿಕೊಳ್ಳಲಿ ಎಂದು 1970ರ ದಶಕದಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಜಡ್ಸನ್ ಹಾರ್ಪರ್ ಮತ್ತು ಸಂಗಡಿಗರು ಅಗ್ಗದ ಎಕ್ಸ್‌ಟ್ರೂಡರುಗಳ ಮೇಲೆ ಕೆಲಸ ಮಾಡಿದರು. ಆ ಯಂತ್ರಗಳಲ್ಲೊಂದು ಅಮೆರಿಕದ ರೈತರು ತಮ್ಮ ಹೊಲದಲ್ಲೇ ಸೋಯಾ ಬೇಯಿಸಿ ಹಂದಿಗಳಿಗೆ ಹಾಕಲು ಬಳಸುತ್ತಿದ್ದದ್ದು. ನೆರೆಯ ಶ್ರೀಲಂಕಾ ಇದನ್ನು ಚೆನ್ನಾಗಿ ಬಳಸಿಕೊಂಡಿತು. 1973ರಲ್ಲಿ ಅಲ್ಲಿ ಆರಂಭವಾದ ತ್ರಿಪೋಷ ಎಂಬ ಕಾರ್ಯಕ್ರಮದಲ್ಲಿ ಗೋವಿನಜೋಳ ಮತ್ತು ಸೋಯಾದಿಂದ ಮಾಡಿದ ಹಿಟ್ಟು ಗರ್ಭಿಣಿಯರಿಗೂ ಎಳೆ ಮಕ್ಕಳಿಗೂ ಇಂದಿಗೂ ಹಂಚಿಕೆಯಾಗುತ್ತಿದೆ. ತ್ರಿಪೋಷದ ಮಾತು ಮುಂದೆ ಮತ್ತೆ ಬರುತ್ತದೆ.

ಗೋವಿನಜೋಳ–ಸೋಯಾ ತಿನಿಸುಗಳ ಬಗ್ಗೆ ನಡೆದ ಸಂಶೋಧನೆಗೆ ಲೆಕ್ಕವಿಲ್ಲ. ಬೇಸಾಯಶಾಸ್ತ್ರದವನಾದರೂ ನಾನು ಈ ಪ್ರಬಂಧಗಳನ್ನು ಆಸಕ್ತಿಯಿಂದ ಓದುತ್ತೇನೆ. ಕೊಳವೆಯ ಶಾಖ ಎಷ್ಟು, ತಿರುಪಿನ ವೇಗ ಎಷ್ಟು, ಹಿಟ್ಟಿನ ತೇವಾಂಶ ಎಷ್ಟು, ಸೋಯಾ ಎಷ್ಟು ಭಾಗ, ಇವನ್ನು ಒಂದೊಂದಾಗಿ ಬದಲಿಸಿ ತಿನಿಸು ಎಷ್ಟು ಉಬ್ಬಿತು, ಎಷ್ಟು ಗರಿಗರಿಯಾಯಿತು ಎಂದು ಅಳೆಯುತ್ತಾರೆ. ಫಲಿತಾಂಶಗಳು ಬಹುಮಟ್ಟಿಗೆ ಒಂದೇ ದಿಕ್ಕನ್ನು ತೋರಿಸುತ್ತವೆ. ಸೋಯಾ ಹೆಚ್ಚಿದಂತೆ ಉಬ್ಬು ಕಡಿಮೆ, ತಿನಿಸು ಗಟ್ಟಿ, ಬಣ್ಣ ಕಂದು. ಶಾಖ ಮಿತಿಮೀರಿ ಹಿಟ್ಟು ಒಣಗಿದ್ದರೆ, ಯಾವ ಲೈಸಿನ್‌ಗಾಗಿ ಸೋಯಾ ಬೆರೆಸಿದೆವೋ ಅದರಲ್ಲೇ ಒಂದು ಪಾಲು ನಷ್ಟ. ಎಲ್ಲವೂ ಶ್ರದ್ಧೆಯಿಂದ ಮಾಡಿದ ಕೆಲಸ. ಆದರೆ ಹೆಚ್ಚಿನ ಪ್ರಬಂಧಗಳಲ್ಲಿ ಕಾಳಿನ ಬಗ್ಗೆ ಒಂದೇ ವಾಕ್ಯವಿರುತ್ತದೆ: ಕಚ್ಚಾ ವಸ್ತುಗಳನ್ನು ಸ್ಥಳೀಯ ಮಾರುಕಟ್ಟೆಯಿಂದ ಕೊಳ್ಳಲಾಯಿತು.

ಹೊಲ, ತಳಿ, ಕೊಯ್ಲು, ಕಣ, ಚೀಲ, ಎಲ್ಲವೂ ಆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತವೆ. ನನ್ನ ತಕರಾರು ಇರುವುದು ಅಲ್ಲಿಯೇ.

ಉಬ್ಬುವ ತಿನಿಸಿಗೆ ಯಾವ ಕಾಳು ಬೇಕು? ಗೋವಿನಜೋಳದ ಕಾಳನ್ನು ಸೀಳಿ ನೋಡಿದರೆ ಹೊರಭಾಗ ಗಾಜಿನಂತೆ ಗಟ್ಟಿಯಾಗಿಯೂ ಒಳಭಾಗ ಬಿಳಿ ಹಿಟ್ಟಿನಂತೆಯೂ ಕಾಣುತ್ತದೆ. ರವೆ ಬರುವುದು ಗಟ್ಟಿ ಭಾಗದಿಂದ. ಕಾಳಿನ ತೂಕದಲ್ಲಿ ಶೇ. 12ರಷ್ಟಿರುವ ಮೊಳಕೆಯ ಭಾಗದಲ್ಲೇ ಎಣ್ಣೆಯೆಲ್ಲ ತುಂಬಿದೆ. ಆ ಎಣ್ಣೆ ಕೊಳವೆಯೊಳಗೆ ಜಾರು ಹುಟ್ಟಿಸಿ ಉಬ್ಬನ್ನು ಕೆಡಿಸುತ್ತದೆ, ಅನಂತರ ತಿನಿಸಿಗೆ ಕಮಟು ವಾಸನೆ ತರುತ್ತದೆ. ಆದುದರಿಂದ ಮೊಳಕೆ ತೆಗೆದ ರವೆಯೇ ಬೇಕು. ಎಣ್ಣೆ ತೆಗೆಯದ ಸೋಯಾ ಹಿಟ್ಟನ್ನು ಬೆರೆಸಿದರೂ ಇದೇ ತೊಂದರೆ.

ತಳಿಯ ವಿಷಯದಲ್ಲಿ ಒಂದು ಹಳೆಯ ಪಾಠವಿದೆ. 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಮರ್ಟ್ಜ್, ಬೇಟ್ಸ್, ನೆಲ್ಸನ್ ಎಂಬ ವಿಜ್ಞಾನಿಗಳು ಓಪೇಕ್-2 ಎಂಬ ವಂಶವಾಹಿಯಿರುವ ಗೋವಿನಜೋಳದಲ್ಲಿ ಲೈಸಿನ್ ಹೆಚ್ಚಿರುವುದನ್ನು ಪ್ರಕಟಿಸಿದರು. ನಮ್ಮ ದೇಶದಲ್ಲೂ 1970ರ ದಶಕದ ಆರಂಭದಲ್ಲಿ ಶಕ್ತಿ, ರತ್ತನ್, ಪ್ರೋಟೀನಾ ಎಂಬ ಹೆಸರಿನ ತಳಿಗಳು ಬಂದವು. ಆದರೆ ಅವುಗಳ ಕಾಳು ಮೆದು, ಸುಣ್ಣದಂತೆ. ಇಳುವರಿ ಕಡಿಮೆ, ಹುಳು ಬೇಗ ಹತ್ತುತ್ತಿತ್ತು. ರೈತರು ಕೈಬಿಟ್ಟರು, ಅದು ಸರಿಯಾಗಿಯೇ ಇತ್ತು. ಮೆಕ್ಸಿಕೋದ ಕೇಂದ್ರದಲ್ಲಿ ಸುರಿಂದರ್ ವಾಸಲ್ ಮತ್ತು ಇವ್ಯಾಂಜಲೀನಾ ವಿಲ್ಲೇಗಾಸ್ ಅವರು ವರ್ಷಗಟ್ಟಲೆ ದುಡಿದು ಆ ಗುಣವನ್ನು ಗಟ್ಟಿ ಕಾಳಿಗೆ ತಂದ ಮೇಲೆಯೇ ಉತ್ತಮ ಪ್ರೋಟೀನಿನ ಗೋವಿನಜೋಳ ಬೇಸಾಯಕ್ಕೆ ಯೋಗ್ಯವಾಯಿತು. 2000ದಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಇಂತಹ ತಳಿಯ ಬೀಜ ಸಿಕ್ಕಿ, ಬೇರೆ ಹೊಲದ ಪರಾಗ ಬೀಳದಂತೆ ದೂರದಲ್ಲಿ ಬೆಳೆಯಲು ಸಾಧ್ಯವಾದರೆ ಅಂಗನವಾಡಿಯ ಹಿಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಸಾಮಾನ್ಯ ಕಾಳಿನ ಬೆಲೆಗೇ ಅದನ್ನು ಕೊಳ್ಳುವವರಿಗಾಗಿ ಈ ಶ್ರಮ ಪಡಿರೆಂದು ನಾನು ಹೇಳಲಾರೆ.

ಎಲ್ಲಕ್ಕಿಂತ ದೊಡ್ಡ ವಿಷಯ ತೇವಾಂಶ. ನಮ್ಮಲ್ಲಿ ಮುಂಗಾರಿನ ಗೋವಿನಜೋಳ ಮುರಿಯುವ ಅಕ್ಟೋಬರ್–ನವೆಂಬರಿನಲ್ಲಿ ಹಿಂಗಾರು ಮಳೆ ಬೀಳುತ್ತಿರುತ್ತದೆ. ಮುರಿಯುವಾಗ ಕಾಳಿನಲ್ಲಿ ಶೇ. 20ರಿಂದ 25ರಷ್ಟು ನೀರಿರುತ್ತದೆ. ಅದೇ ಸ್ಥಿತಿಯಲ್ಲಿ ರಾಶಿ ಹಾಕಿ ಎರಡು ದಿನ ಮೋಡ ಮುಸುಕಿದರೆ ರಾಶಿ ಬಿಸಿಯಾಗಿ, ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಹಸಿರು ಬೂಷ್ಟು ಕಣ್ಣಿಗೆ ಕಾಣದ ಕಾಳಿನಲ್ಲೂ ವಿಷ ಇರಬಹುದು. ಕಾಳು ತುಂಬುವಾಗ ನೀರಿನ ಕೊರತೆಯಾದ ಬೆಳೆಯಲ್ಲಿ, ಹುಳು ಕೊರೆದ ತೆನೆಯಲ್ಲಿ ಇದರ ಹಾವಳಿ ಹೊಲದಲ್ಲೇ ಆರಂಭವಾಗುತ್ತದೆ. ಆಹಾರ ಸುರಕ್ಷತಾ ನಿಯಮದಂತೆ ಧಾನ್ಯದಲ್ಲಿ ಅಫ್ಲಾಟಾಕ್ಸಿನ್ ಕಿಲೋಗೆ 15 ಮೈಕ್ರೋಗ್ರಾಂ ಮೀರಬಾರದು. ಅಂದರೆ ಒಂದು ಟನ್ ಕಾಳಿನಲ್ಲಿ ಸಾಸಿವೆ ಕಾಳಿನ ತೂಕದ ಕೆಲವು ಪಟ್ಟಿನಷ್ಟು, 15 ಮಿಲಿಗ್ರಾಂ ಮಾತ್ರ.

“ಅಷ್ಟು ಬಿಸಿಯಲ್ಲಿ ವಿಷ ಉಳಿಯುತ್ತದೆಯೇ?” ಎಂದು ಕೇಳುವವರುಂಟು. ಉಳಿಯುತ್ತದೆ. ಅಫ್ಲಾಟಾಕ್ಸಿನ್ ಶಾಖಕ್ಕೆ ಸುಲಭವಾಗಿ ಬಗ್ಗುವಂಥದ್ದಲ್ಲ. ಎಕ್ಸ್‌ಟ್ರೂಡರಿನಿಂದ ಅದು ಸ್ವಲ್ಪಮಟ್ಟಿಗೆ ಕಡಿಮೆಯಾಗುವುದುಂಟು, ಆದರೆ ಎಷ್ಟೆಂಬ ಭರವಸೆಯಿಲ್ಲ. ಕೆಟ್ಟ ಕಾಳನ್ನು ಒಳ್ಳೆಯದು ಮಾಡುವ ತಿರುಪನ್ನು ಇನ್ನೂ ಯಾರೂ ತಯಾರಿಸಿಲ್ಲ.

ಈ ವಿಷಯದಲ್ಲಿ ನಮ್ಮ ದೇಶಕ್ಕೆ ಕಹಿ ಅನುಭವವಿದೆ. 1974ರ ಕೊನೆಯಲ್ಲಿ ರಾಜಸ್ಥಾನದ ಬನ್ಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ, ಅಕಾಲ ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಗೋವಿನಜೋಳವನ್ನೇ ಉಂಡ ಬಡ ಕುಟುಂಬಗಳಲ್ಲಿ ಕಾಮಾಲೆ, ಹೊಟ್ಟೆಯುಬ್ಬರ ಹಬ್ಬಿತು. ಸುಮಾರು 400 ಜನ ಕಾಯಿಲೆ ಬಿದ್ದು, ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ಮನೆಗಳ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ, ಕಾರಣ ಅಫ್ಲಾಟಾಕ್ಸಿನ್ ಎಂದು ತಿಳಿಸಿದರು. 2004ರಲ್ಲಿ ಕೀನ್ಯಾ ದೇಶದಲ್ಲೂ ಹೀಗೆಯೇ ಆಗಿ 125 ಮಂದಿ ಪ್ರಾಣ ಬಿಟ್ಟರು. ಶ್ರೀಲಂಕಾದ ತ್ರಿಪೋಷದ ಮಾತು ಹೇಳಿದೆನಲ್ಲ, 2022ರಲ್ಲಿ ಅದಕ್ಕೆ ಬಳಸುವ ಗೋವಿನಜೋಳದ ಅಫ್ಲಾಟಾಕ್ಸಿನ್ ಅಲ್ಲಿ ದೊಡ್ಡ ವಿವಾದವಾಯಿತು. ಯಂತ್ರ ಇತ್ತು, ನುರಿತ ಕೆಲಸಗಾರರು ಇದ್ದರು, ಐವತ್ತು ವರ್ಷಗಳ ಅನುಭವವೂ ಇತ್ತು. ಕೈಕೊಟ್ಟದ್ದು ಕಾಳು. ಬೂಷ್ಟು ಹಿಡಿದದ್ದನ್ನು ದನಕ್ಕೆ ಹಾಕಿದರಾಯಿತು ಎನ್ನುವವರಿಗೂ ಒಂದು ಮಾತು: ಆ ವಿಷದ ಒಂದು ಪಾಲು ಹಾಲಿನಲ್ಲಿ ಇಳಿದು ಬರುತ್ತದೆ.

ಹಾಗಾದರೆ ಒಣಗಿಸಿ ಮಾರಬಾರದೇ? ಇಲ್ಲಿ ರೈತರ ವಾದವನ್ನು ನಾನು ತಳ್ಳಿಹಾಕಲಾರೆ. ಶೇ. 20 ತೇವವಿರುವ ಒಂದು ಕ್ವಿಂಟಾಲ್ ಕಾಳನ್ನು ಶೇ. 12ಕ್ಕೆ ಒಣಗಿಸಿದರೆ ತೂಕ 91 ಕಿಲೋಗೆ ಇಳಿಯುತ್ತದೆ. ಹಸಿ ಕಾಳಿಗೆ 2,000 ರೂಪಾಯಿ ಸಿಗುವಾಗ ಒಣ ಕಾಳಿಗೆ 2,200 ಸಿಕ್ಕರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಒಣಗಿಸಿದ ಕೂಲಿ, ಕಾವಲು, ಮಳೆಯ ಭಯ ಬೇರೆ. ಮಾರುಕಟ್ಟೆಯಲ್ಲಿ ದಲಾಲರು ಕಾಳನ್ನು ಕಚ್ಚಿ ನೋಡಿ, ಅಂಗೈಯಲ್ಲಿ ಉರುಳಿಸಿ, ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ಅದೇ ದೊಡ್ಡದು. ಹೀಗಿರುವಾಗ ಮುರಿದ ವಾರದಲ್ಲೇ ಹಸಿಯಾಗಿ ಮಾರುವವನನ್ನು ದಡ್ಡನೆನ್ನಲು ಬಾರದು. ಅವನ ಲೆಕ್ಕ ಸರಿಯಾಗಿದೆ, ವ್ಯವಸ್ಥೆಯ ಲೆಕ್ಕ ತಪ್ಪಿದೆ.

ಒಬ್ಬೊಬ್ಬನೇ ಹೋದರೆ ಇದು ಸರಿಯಾಗದು. ಆದರೆ ಐವತ್ತು ಜನರ ಗುಂಪು ತನ್ನದೇ ತೇವಮಾಪಕವನ್ನಿಟ್ಟುಕೊಂಡು, ಶೇ. 12ರ ಕಾಳನ್ನು ಜರಡಿ ಹಿಡಿದು, ಒಡೆದದ್ದನ್ನೂ ಬೂಷ್ಟು ಹಿಡಿದದ್ದನ್ನೂ ಬೇರ್ಪಡಿಸಿ ಒಂದು ಲೋಡು ಕಟ್ಟಿದರೆ, ರವೆ ಗಿರಣಿಯವರೊಡನೆ ನೇರವಾಗಿ ಮಾತನಾಡಲು ಬರುತ್ತದೆ. ಅವರಿಗೂ ಇಂತಹ ಕಾಳು ಬೇಕು. ಒದ್ದೆ ಕಾಳಿನಲ್ಲಿ ರವೆ ಕಡಿಮೆ, ಹಿಟ್ಟು ಹೆಚ್ಚು. ಮಾಪಕ ಇಲ್ಲದವರು ಹಳೆಯ ಉಪ್ಪಿನ ಪರೀಕ್ಷೆಯನ್ನಾದರೂ ಮಾಡಬಹುದು. ಒಣಗಿದ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಕಾಳು, ಒಂದು ಚಮಚ ಒಣ ಪುಡಿ ಉಪ್ಪು ಹಾಕಿ ಅಲುಗಾಡಿಸಿ. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ. ಹೆದ್ದಾರಿಯ ಮೇಲೆ ಕಾಳು ಹರಡುವುದನ್ನು ಮಾತ್ರ ಬಿಡಬೇಕು. ಟಾರು, ಎಣ್ಣೆ, ಕಲ್ಲು ಸೇರಿದ ಕಾಳು ಮಕ್ಕಳ ಆಹಾರಕ್ಕೆ ಸಲ್ಲದು, ಅಪಘಾತದ ಮಾತು ಹಾಗಿರಲಿ. ಸರ್ಕಾರ ಯಂತ್ರಕ್ಕೆ ಕೊಡುವ ಸಹಾಯಧನದ ಒಂದು ಪಾಲನ್ನು ಊರಿಗೊಂದು ಸಿಮೆಂಟಿನ ಕಣಕ್ಕೆ, ತಾಡಪತ್ರಿಗೆ, ಒಣಗಿಸುವ ಯಂತ್ರಕ್ಕೆ ತಿರುಗಿಸಿದರೆ ಹೆಚ್ಚು ಜನರಿಗೆ ಉಪಯೋಗವಾದೀತು ಎಂಬುದು ನನ್ನ ದೃಢ ಅಭಿಪ್ರಾಯ.

ಸೋಯಾಅವರೆಯ ಕಥೆಯೂ ಬೇರೆಯಲ್ಲ. ಸೋಯಾ ಹಿಟ್ಟಿನ ಹಸಿ ಕಾಳಿನ ವಾಸನೆಯನ್ನು ಎಲ್ಲರೂ ದೂರುತ್ತಾರೆ. ಆ ವಾಸನೆ ಹುಟ್ಟುವುದು ಕಾಳು ಒಡೆದು, ತೇವ ತಾಗಿ, ಕಾಳಿನೊಳಗಿನ ಕಿಣ್ವವೊಂದು ಎಣ್ಣೆಯೊಡನೆ ಬೆರೆತಾಗ. ಸೋಯಾದ ಸಿಪ್ಪೆ ಬಹಳ ತೆಳು. ಬೇರೆ ಬೆಳೆಯ ವೇಗದಲ್ಲೇ ಒಕ್ಕಣೆ ಯಂತ್ರ ಓಡಿಸಿದರೆ ಕಾಳು ಇಬ್ಭಾಗವಾಗುತ್ತದೆ. ಡ್ರಮ್ಮಿನ ವೇಗವನ್ನು ನಿಮಿಷಕ್ಕೆ 300ರಿಂದ 400 ಸುತ್ತಿಗೆ ಇಳಿಸಿದರೆ ಬೀಜಕ್ಕೂ ಒಳ್ಳೆಯದು, ಹಿಟ್ಟಿನ ರುಚಿಗೂ ಒಳ್ಳೆಯದು. ಬೀದರ, ಬೆಳಗಾವಿ, ಧಾರವಾಡದ ಸೋಯಾ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಬಾಡಿಗೆ ಯಂತ್ರದವರು ಗಂಟೆಯ ಲೆಕ್ಕದಲ್ಲಿ ಅವಸರಪಡಿಸುವುದೇ ತೊಂದರೆ.

ಕೊನೆಯದಾಗಿ ಒಂದು ಗುಂಪಿನ ಅನುಭವ. ಊರಿನ ಹೆಸರು ಬೇಡ. ಅವರು ಸಾಲ, ಸಹಾಯಧನ ಎರಡನ್ನೂ ಸೇರಿಸಿ ಚಿಕ್ಕ ಎಕ್ಸ್‌ಟ್ರೂಡರ್ ತಂದರು. ಮಾರಿದವರು ಬಂದು ಒಂದು ದಿನ ಚೆನ್ನಾಗಿ ಓಡಿಸಿ ತೋರಿಸಿದರು, ತಾವೇ ತಂದ ರವೆಯಿಂದ. ಮರುದಿನ ಗುಂಪಿನವರು ತಮ್ಮ ಜೋಳ, ತಮ್ಮ ಸೋಯಾ ಬೀಸಿ ಹಾಕಿದರೆ ಬಂದದ್ದು ಗಟ್ಟಿ ಕಡ್ಡಿ. ಒಮ್ಮೊಮ್ಮೆ ತಿರುಪೇ ಹಿಡಿದುಕೊಳ್ಳುತ್ತಿತ್ತು. ಯಂತ್ರ ಕೆಟ್ಟಿದೆಯೆಂದು ಎರಡು ಸಲ ಮೆಕ್ಯಾನಿಕ್ ಬಂದು ಹೋದ. ನಾನು ಹೋದಾಗ ಕಂಡದ್ದು ಇಷ್ಟು: ಕಾಳಿನ ತೇವ ಶೇ. 17, ಮೊಳಕೆ ತೆಗೆದಿಲ್ಲ, ಸೋಯಾ ಎಣ್ಣೆ ಸಮೇತ ಬೀಸಿದ್ದು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಆಮೇಲೆ ಅವರು ಗಿರಣಿಯಿಂದ ರವೆ, ಪೇಟೆಯಿಂದ ಎಣ್ಣೆ ತೆಗೆದ ಸೋಯಾ ಹಿಟ್ಟು ತಂದು ತಿನಿಸು ಮಾಡಿದರು, ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಅವರ ಸ್ವಂತ ಜೋಳ ಹಿಂದಿನಂತೆಯೇ ಹಸಿಯಾಗಿ ಕೋಳಿ ಆಹಾರದ ವ್ಯಾಪಾರಿಯ ಲಾರಿ ಹತ್ತಿತ್ತು. ತಮ್ಮ ಬೆಳೆಗೆ ಬೆಲೆ ಬರಲೆಂದು ತಂದ ಯಂತ್ರಕ್ಕೆ ಬೇರೆಯವರ ಬೆಳೆ ತುಂಬಿಸುತ್ತಿದ್ದೇವೆ ಎಂದು ಗುಂಪಿನ ಹಿರಿಯರೊಬ್ಬರು ನಕ್ಕರು. ಆ ನಗೆ ನನಗೆ ಹಿಡಿಸಲಿಲ್ಲ.

ಮರುವರ್ಷ ಅವರು ತೇವಮಾಪಕವೊಂದನ್ನು, ಇಪ್ಪತ್ತು ತಾಡಪತ್ರಿಗಳನ್ನು ಕೊಂಡರು. ಶಾಲೆಯ ಹಿಂದಿನ ಬಯಲಿನಲ್ಲಿ ಎಲ್ಲರೂ ಸೇರಿ ಒಣಗಿಸಿದರು. ಒಂದು ಲೋಡು ಒಣ ಕಾಳನ್ನು ರವೆ ಗಿರಣಿ ಕೊಂಡಿತು, ಬೆಲೆಯ ಬದಲು ಒಂದು ಪಾಲಿಗೆ ರವೆಯನ್ನೇ ಮರಳಿ ಕೊಡಲು ಒಪ್ಪಿತು. ಈಗ ಯಂತ್ರ ವಾರಕ್ಕೆ ಎರಡು ದಿನ ಓಡುತ್ತದೆ. ನೂರರಲ್ಲಿ ಹದಿನೈದು ಭಾಗ ಸೋಯಾ ಬೆರೆಸುತ್ತಾರೆ. ಇಪ್ಪತ್ತಕ್ಕೆ ಏರಿಸಿದರೆ ಮಕ್ಕಳು ಗಟ್ಟಿಯಾಯಿತೆಂದು ಬಿಡುತ್ತಾರಂತೆ. ಸೋಯಾ ಹಿಟ್ಟನ್ನು ಮಾತ್ರ ಇನ್ನೂ ಪೇಟೆಯಿಂದಲೇ ತರುತ್ತಿದ್ದಾರೆ.